ಕಸದ ಗುಡ್ಡದ ಗ್ಯಾಸಿನಿಂದ ಕರೆಂಟ್: ಎಂಜಿನ್ ಕೊನೆಗೆ ಕೊಳ್ಳಿ

ಊರಾಚೆಯ ಕಸದ ಗುಡ್ಡದ ಮಾತು ಬಂದಾಗೆಲ್ಲ ಯಾರಾದರೊಬ್ಬರು ‘ಅದರಿಂದ ಕರೆಂಟ್ ತೆಗೀಬಹುದಲ್ವಾ?’ ಅಂತ ಕೇಳುತ್ತಾರೆ. ತೆಗೆಯಬಹುದು. ಹೊಸ ವಿದ್ಯೆಯೇನೂ ಅಲ್ಲ. 1975ರಲ್ಲೇ ಕ್ಯಾಲಿಫೋರ್ನಿಯಾದ ಪಾಲೋಸ್ ವರ್ಡೆಸ್‌ನಲ್ಲಿ ಕಸದ ಗುಡ್ಡದ ಗ್ಯಾಸ್ ಹಿಡಿದು, ಶುದ್ಧ ಮಾಡಿ, ಪೈಪ್‌ಲೈನಿಗೆ ಬಿಟ್ಟಿದ್ದರು. ಲಾಸ್ ಏಂಜಲೀಸ್ ಪಕ್ಕದ ಪ್ವೆಂಟೆ ಹಿಲ್ಸ್ ತನ್ನ ಒಳ್ಳೆಯ ಕಾಲದಲ್ಲಿ ಸುಮಾರು 50 ಮೆಗಾವ್ಯಾಟ್ ಕೊಟ್ಟಿತು. ದಕ್ಷಿಣ ಕೊರಿಯಾದ ಸುದೊಕ್ವೊನ್‌ನಲ್ಲೂ 50 ಮೆಗಾವ್ಯಾಟಿನ ಸ್ಥಾವರ ಕಟ್ಟಿದರು.

ಇಂಥ ಹೆಸರುಗಳನ್ನು ಕೇಳಿದ ತಕ್ಷಣ ನಮ್ಮಲ್ಲಿ ನಡೆಯುವ ಮೊದಲ ಕೆಲಸ ಎಂಜಿನ್ನಿಗೆ ಕೊಟೇಶನ್ ತರಿಸುವುದು. ಅಲ್ಲೇ ಎಡವುವುದು. ಎಂಜಿನ್ ಈ ಪ್ರಾಜೆಕ್ಟಿನ ಅತಿ ಸುಲಭದ ಭಾಗ. ದುಡ್ಡು ಕೊಟ್ಟರೆ ಕಂಟೇನರಿನಲ್ಲಿ ಕೂತು ಬರುತ್ತದೆ. ಕಷ್ಟ ಇರುವುದೆಲ್ಲ ಗುಡ್ಡದೊಳಗೆ. ಎಷ್ಟು ಗ್ಯಾಸ್ ಇದೆ, ಅದರಲ್ಲಿ ಎಷ್ಟು ಕೈಗೆ ಸಿಗುತ್ತದೆ, ಎಷ್ಟು ವರ್ಷ ಸಿಗುತ್ತದೆ ಅನ್ನುವುದು ಗೊತ್ತಾಗದೆ ಎಂಜಿನ್ ತಂದರೆ ಅದು ಅರ್ಧ ಲೋಡಿನಲ್ಲಿ ಕೆಮ್ಮುತ್ತಾ ಕೂರುತ್ತದೆ, ಆಮೇಲೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಎಂಜಿನ್ ಮಾತು ತುಂಬಾ ಕೆಳಗೆ ಬರುತ್ತದೆ. ಸ್ವಲ್ಪ ತಾಳ್ಮೆ ಇರಲಿ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡೋಣ. ಕಸ ಸುಟ್ಟು ಕರೆಂಟ್ ಮಾಡುವುದು ಬೇರೆ, ಇದು ಬೇರೆ. ಬಿಡದಿಯಲ್ಲಿ ಕಟ್ಟಿದ್ದು ಸುಡುವ ಸ್ಥಾವರ. ನಾವು ಮಾತಾಡುತ್ತಿರುವ ವಿಧಾನದಲ್ಲಿ ಕಸ ಇದ್ದಲ್ಲೇ ಇರುತ್ತದೆ, ಅದರೊಳಗಿಂದ ಹೊರಡುವ ಗ್ಯಾಸನ್ನು ಮಾತ್ರ ಎಳೆದು ಉರಿಸುತ್ತೇವೆ.

ಗ್ಯಾಸ್ ಎಲ್ಲಿಂದ ಬರುತ್ತದೆ

ಅನ್ನ, ತರಕಾರಿ, ಎಲೆ, ಕಾಗದ, ಕಟ್ಟಿಗೆ ಇವೆಲ್ಲ ಗಾಳಿ ಇಲ್ಲದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಕಸ ಸುರಿದ ಶುರುವಿನಲ್ಲಿ ಒಳಗೆ ಇನ್ನೂ ಗಾಳಿ ಇರುತ್ತದೆ, ಅದು ಬೇಗ ಖರ್ಚಾಗುತ್ತದೆ. ಆಮೇಲೆ ಹುಳಿ ಬರುವ ಹಂತ. ಅದಾದ ಮೇಲೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಸೇರಿಕೊಂಡು ಕೆಲಸ ಹಿಡಿಯುತ್ತವೆ. ಚೆನ್ನಾಗಿ ಕೊಳೆಯುತ್ತಿರುವ ಗುಡ್ಡದ ಗ್ಯಾಸಿನಲ್ಲಿ ಹೆಚ್ಚು ಕಡಿಮೆ ಅರ್ಧ ಮೀಥೇನ್, ಉಳಿದರ್ಧ ಕಾರ್ಬನ್ ಡೈಆಕ್ಸೈಡ್. ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್, ನೀರಿನ ಆವಿ, ಇನ್ನೂ ನೂರೆಂಟು ಚಿಲ್ಲರೆ ಅನಿಲಗಳು.

ಮೀಥೇನ್ ಸುಮ್ನೆ ಆಕಾಶಕ್ಕೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಶಾಖ ಹಿಡಿಯುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 80 ಪಟ್ಟು ದಾಟುತ್ತದೆ. ಅಂದರೆ ಕರೆಂಟ್ ಮಾಡದೆ ಬರೀ ಉರಿಸಿದರೂ ಲಾಭವೇ. ಈ ಮಾತು ನೆನಪಿಟ್ಟುಕೊಳ್ಳಿ, ಫ್ಲೇರ್, ಅಂದರೆ ಗ್ಯಾಸನ್ನು ಬರೀ ಉರಿಸಿಬಿಡುವ ಬರ್ನರ್, ಅದರ ಖರ್ಚಿನ ವಿಷಯಕ್ಕೆ ಜಗಳ ಬಂದಾಗ ಕೆಲಸಕ್ಕೆ ಬರುತ್ತದೆ.

ಮೊದಲು ಪೇಪರ್ ಮೇಲೆ ಲೆಕ್ಕ

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಒಂದು ಒರಟು ಲೆಕ್ಕ ಹೇಳುತ್ತದೆ: 10 ಲಕ್ಷ ಟನ್ ಕಸ ಇದ್ದರೆ ಸುಮಾರು 0.78 ಮೆಗಾವ್ಯಾಟ್. ಇದು ಅಲ್ಲಿನ ಕಸಕ್ಕೆ, ಅಲ್ಲಿನ ಲ್ಯಾಂಡ್‌ಫಿಲ್ಲಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೊಂದುವ ಅಂಕಿ. ಕೆಳಗೆ ಪ್ಲಾಸ್ಟಿಕ್ ಹಾಸು, ದಿನಾ ಮಣ್ಣಿನ ಹೊದಿಕೆ, ರೋಲರ್ ಓಡಿಸಿ ಒತ್ತಿದ ಕಸ. ನಮ್ಮಲ್ಲಿ ಟಿಪ್ಪರ್ ಬಂತು, ಸುರಿಯಿತು, ಹೋಯಿತು. ಕಟ್ಟಡ ಒಡೆದ ಮಣ್ಣು, ಇಟ್ಟಿಗೆ ಚೂರು, ಚರಂಡಿ ಹೂಳು ಎಲ್ಲ ಅದರಲ್ಲೇ. ಒಂದು ಟನ್ ಅಂತ ಬರೆದಿದ್ದರೆ ಅದರಲ್ಲಿ ಕೊಳೆಯುವ ಮಾಲು ಎಷ್ಟು ಅಂತ ಕೇಳಬೇಕು.

ಲೆಕ್ಕಕ್ಕೆ ಇಪಿಎಯ ಲ್ಯಾಂಡ್‌ಜೆಮ್ ಅನ್ನುವ ಎಕ್ಸೆಲ್ ಹಾಳೆ ಉಚಿತವಾಗಿ ಸಿಗುತ್ತದೆ. ಒಳಗಿರುವುದು ಸರಳ ಲೆಕ್ಕ. ಎರಡು ಅಂಕಿ ಮುಖ್ಯ. ಒಂದು, ಒಂದು ಟನ್ ಕಸ ತನ್ನ ಆಯುಸ್ಸಿಡೀ ಕೊಡುವ ಒಟ್ಟು ಮೀಥೇನ್. ಇನ್ನೊಂದು, ಕೊಳೆಯುವ ವೇಗ. ಮೊದಲನೆಯದಕ್ಕೆ ಆ ಹಾಳೆಯಲ್ಲಿ ತಾನಾಗಿ ಬಂದು ಕೂರುವ ಅಂಕಿ ಟನ್ನಿಗೆ 170 ಘನ ಮೀಟರ್. ಅದನ್ನು ಹಾಗೇ ಬಿಟ್ಟು ಲೆಕ್ಕ ಹಾಕಿದವರು ಕನಸಿನ ಕರೆಂಟ್ ಮಾರುತ್ತಿದ್ದಾರೆ ಅಂತಲೇ ಅರ್ಥ. ಸುಮ್ನೆ ಸುರಿದ ರಾಶಿಗೆ ಹವಾಮಾನ ಸಮಿತಿ ಐಪಿಸಿಸಿ ಕಡಿತ ಹೇಳಿದೆ: ಸರಿಯಾಗಿ ನಿರ್ವಹಿಸಿದ ಲ್ಯಾಂಡ್‌ಫಿಲ್ಲಿಗೆ 1 ಆದರೆ, 5 ಮೀಟರಿಗಿಂತ ಆಳದ ರಾಶಿಗೆ 0.8, ಅದಕ್ಕಿಂತ ತೆಳುವಾದದ್ದಕ್ಕೆ 0.4. ತೆಳು ರಾಶಿಯಲ್ಲಿ ಗಾಳಿ ಆಡುತ್ತದೆ, ಗಾಳಿ ಆಡಿದಲ್ಲಿ ಮೀಥೇನ್ ಹುಟ್ಟುವುದಿಲ್ಲ. ಈ ಕಡಿತವೆಲ್ಲ ಕಳೆದು ನಾನಾದರೆ 70ರಿಂದ ಶುರು ಮಾಡುತ್ತೇನೆ.

ಕೊಳೆಯುವ ವೇಗಕ್ಕೆ ಮಳೆ ನೋಡಬೇಕು. ಬಿಸಿ ನಾಡಿನ ಮಿಶ್ರ ಕಸಕ್ಕೆ ಐಪಿಸಿಸಿ ಕೊಟ್ಟಿರುವುದು ಒಣ ಕಡೆ ವರ್ಷಕ್ಕೆ 0.065, ಮಳೆ ಕಡೆ 0.17. ಬಯಲುಸೀಮೆ ಊರಿಗೂ ಕರಾವಳಿ ಊರಿಗೂ ಒಂದೇ ಅಂಕಿ ಹಾಕಬೇಡಿ. 0.17 ಅಂದರೆ ಸುಮಾರು 4 ವರ್ಷಕ್ಕೊಮ್ಮೆ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ. ಒದ್ದೆ ಕಸ, ಬಿಸಿ ಹವೆ, ಮಳೆ ಮೂರೂ ಸೇರಿದರೆ ಗ್ಯಾಸ್ ಬೇಗ ಬರುತ್ತದೆ, ಬೇಗ ಮುಗಿಯುತ್ತದೆ.

ಒಂದು ಉದಾಹರಣೆ ಮಾಡೋಣ. ವರ್ಷಕ್ಕೆ 2 ಲಕ್ಷ ಟನ್ನಿನಂತೆ 5 ವರ್ಷ ಸುರಿದು ನಿಲ್ಲಿಸಿ, 5 ವರ್ಷ ಕಳೆದ ಗುಡ್ಡ ಅಂದುಕೊಳ್ಳಿ. ಒಟ್ಟು 10 ಲಕ್ಷ ಟನ್, ಸರಾಸರಿ ವಯಸ್ಸು 7.5 ವರ್ಷ. ಟನ್ನಿಗೆ 70 ಘನ ಮೀಟರ್, ವೇಗ 0.1 ಹಿಡಿದರೆ ಈಗ ವರ್ಷಕ್ಕೆ ಸುಮಾರು 33 ಲಕ್ಷ ಘನ ಮೀಟರ್ ಮೀಥೇನ್ ಹುಟ್ಟುತ್ತಿರುತ್ತದೆ. ಗಂಟೆಗೆ 375. ಇದೆಲ್ಲ ಕೈಗೆ ಸಿಗುವುದಿಲ್ಲ. ಹೊದಿಕೆ ಸುಮಾರಾಗಿರುವ ಗುಡ್ಡದಲ್ಲಿ ನೂರಕ್ಕೆ 40 ಭಾಗ ಸಿಕ್ಕರೆ ಖುಷಿ ಪಡಿ. ಅಂದರೆ ಗಂಟೆಗೆ 150 ಘನ ಮೀಟರ್. ಒಂದು ಘನ ಮೀಟರ್ ಮೀಥೇನಿನಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಶಾಖ ಇರುತ್ತದೆ, ಎಂಜಿನ್ ಅದರಲ್ಲಿ 38 ಭಾಗವನ್ನು ಕರೆಂಟ್ ಮಾಡುತ್ತದೆ ಅಂದುಕೊಂಡರೆ 570 ಕಿಲೋವ್ಯಾಟ್. ಗ್ಯಾಸ್ ಎಳೆಯುವ ಬ್ಲೋವರ್, ತಣ್ಣಗೆ ಮಾಡುವ ಚಿಲ್ಲರ್, ಪಂಪುಗಳು ಅದರಲ್ಲೂ ಒಂದಿಷ್ಟು ತಿನ್ನುತ್ತವೆ.

ಇದೇ ಗುಡ್ಡದ ಲೆಕ್ಕವನ್ನು ಇನ್ನೂ 10 ವರ್ಷ ಮುಂದೆ ಓಡಿಸಿ. 210 ಕಿಲೋವ್ಯಾಟ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹತ್ತು ಲಕ್ಷ ಟನ್ ಅಂದ ತಕ್ಷಣ 1 ಮೆಗಾವ್ಯಾಟ್ ಎಂಜಿನ್ ತಂದವನ ಪಾಡು ಏನಾಗುತ್ತದೆ ನೋಡಿ. ಗ್ಯಾಸ್ ತಡೆದದ್ದಕ್ಕೆ ದುಡ್ಡು ಸಿಗುತ್ತಿದ್ದ ಕ್ಯೋಟೋ ಒಪ್ಪಂದದ ಕಾರ್ಬನ್ ಕ್ರೆಡಿಟ್ ಕಾಲದಲ್ಲಿ ಜಗತ್ತಿನ ಎಷ್ಟೋ ಲ್ಯಾಂಡ್‌ಫಿಲ್ ಗ್ಯಾಸ್ ಪ್ರಾಜೆಕ್ಟುಗಳು ಪೇಪರಿನಲ್ಲಿ ತೋರಿಸಿದ್ದಕ್ಕಿಂತ ತುಂಬಾ ಕಡಿಮೆ ಗ್ಯಾಸ್ ಹಿಡಿದವು. ಅಲ್ಲಿ ಎಂಜಿನ್ನುಗಳ ತಪ್ಪು ಕಡಿಮೆ, ಲೆಕ್ಕದ ತಪ್ಪು ಜಾಸ್ತಿ.

ಗುಡ್ಡ ಹತ್ತಿ ನೋಡುವಾಗ

ಪೇಪರ್ ಲೆಕ್ಕ ಆದ ಮೇಲೆ ಜಾಗಕ್ಕೆ ಹೋಗಿ. ಎತ್ತರ ಎಷ್ಟು, ಇಳಿಜಾರು ಎಷ್ಟು ಕಡಿದು, ಎಲ್ಲಿ ಹೊಗೆಯಾಡುತ್ತಿದೆ, ಎಲ್ಲಿಂದ ಕಪ್ಪು ನೀರು ಜಿನುಗುತ್ತಿದೆ. ಹೊಗೆ ಕಂಡ ಜಾಗದ ಕಸ ಒಳಗೇ ಉರಿದು ಹೋಗುತ್ತಿದೆ, ಅದರಿಂದ ಗ್ಯಾಸ್ ಬರುವುದಿಲ್ಲ. ಕಪ್ಪು ನೀರು, ಅಂದರೆ ಲೀಚೇಟ್, ಒಳಗೆ ತುಂಬಿಕೊಂಡಿದ್ದರೆ ಗ್ಯಾಸ್ ಎಳೆಯಲು ಕೊರೆದ ಬಾವಿಯ ಕೆಳಗಿನ ಅರ್ಧ ಮುಳುಗಿಯೇ ಇರುತ್ತದೆ. ಬೆಂಗಳೂರಿನ ಉತ್ತರದ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿ ಕಡೆ ಹಳೆಯ ಕಲ್ಲು ಕ್ವಾರಿಗಳಲ್ಲಿ ಕಸ ತುಂಬಿದ್ದಾರಲ್ಲ, ಅಂಥ ಕಡೆ ಈ ಪ್ರಶ್ನೆ ಮೊದಲು ಬರಬೇಕು. ಬಂಡೆ ಗುಂಡಿಯಲ್ಲಿ ನೀರಿಗೆ ಹೋಗಲು ದಾರಿ ಕಡಿಮೆ.

ಇಳಿಜಾರಿನ ವಿಷಯ ತಮಾಷೆ ಅಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರ ಅನ್ನುವ ಊರಿನ ಮನೆ, ತೋಟಗಳ ಮೇಲೆ ಬಂತು. 2017ರಲ್ಲಿ ದೆಹಲಿಯ ಘಾಜಿಪುರದಲ್ಲಿ ಗುಡ್ಡದ ಒಂದು ಭಾಗ ಕುಸಿದು ಇಬ್ಬರು ಸತ್ತರು. ಅಲುಗಾಡುವ ಗುಡ್ಡದ ಮೇಲೆ ಕೊರೆಯುವ ಯಂತ್ರ ಹತ್ತಿಸಬೇಡಿ. ಮೊದಲು ಇಳಿಜಾರು ತಗ್ಗಿಸಿ ಸರಿ ಮಾಡಿಕೊಳ್ಳಬೇಕು.

ಆಮೇಲೆ ಒಂದು ನೇರ ಪ್ರಶ್ನೆ ಕೇಳಿ: ಈ ಗುಡ್ಡ ಇಲ್ಲೇ ಇರುತ್ತದಾ? 2021ರಲ್ಲಿ ಶುರುವಾದ ಸ್ವಚ್ಛ ಭಾರತ್ ಎರಡನೇ ಹಂತದಲ್ಲಿ ಹಳೆಯ ರಾಶಿಗಳನ್ನು ಅಗೆದು, ಜರಡಿ ಹಿಡಿದು, ಜಾಗ ಖಾಲಿ ಮಾಡುವುದು ದೊಡ್ಡ ಗುರಿ. ಬಯೋಮೈನಿಂಗ್ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಎರಡು ಮೂರು ವರ್ಷದಲ್ಲಿ ಅಗೆಯುವ ಗುಡ್ಡಕ್ಕೆ ಗ್ಯಾಸ್ ಬಾವಿ ಕೊರೆಯುವುದು ದುಡ್ಡು ದಂಡ.

ಟೆಸ್ಟ್ ಬಾವಿ: ಇದನ್ನು ಬಿಟ್ಟರೆ ಎಲ್ಲ ಬಿಟ್ಟಂತೆ

ಲೆಕ್ಕ ಹೇಳಿದ್ದು ನಿಜವಾ ಅಂತ ನೋಡಲು ಗುಡ್ಡದ ಬೇರೆ ಬೇರೆ ಕಡೆ ಕನಿಷ್ಠ ಮೂರು ಬಾವಿ ಕೊರೆಸಿ. ಒಂದು ಹಳೆ ಕಸದಲ್ಲಿ, ಒಂದು ಹೊಸ ಕಸದಲ್ಲಿ, ಒಂದು ಆಳದ ಕಡೆ. ಪ್ರತಿ ಬಾವಿಯ ಸುತ್ತ ಬೇರೆ ಬೇರೆ ದೂರದಲ್ಲಿ ಸಣ್ಣ ಪೈಪುಗಳನ್ನು ಇಳಿಸಿ. ಸಣ್ಣ ಬ್ಲೋವರಿನಿಂದ ಎಳೆಯುತ್ತಾ, ಎಳೆದದ್ದನ್ನು ಸಣ್ಣ ಫ್ಲೇರಿನಲ್ಲಿ ಉರಿಸುತ್ತಾ, ಸುತ್ತಲಿನ ಪೈಪುಗಳಲ್ಲಿ ಎಷ್ಟು ದೂರದವರೆಗೆ ಸೆಳೆತ ಮುಟ್ಟುತ್ತಿದೆ ಅಂತ ಅಳೆಯಬೇಕು. ಎರಡು ದಿನ ಎಳೆದು ‘ಮೀಥೇನ್ 55 ಇದೆ, ಸೂಪರ್’ ಅನ್ನಬೇಡಿ. ಕಸದ ಸಂದುಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಗ್ಯಾಸ್ ಮೊದಲು ಬರುತ್ತದೆ. ಅದು ಖಾಲಿಯಾದ ಮೇಲೆ, ವಾರಗಟ್ಟಲೆ ಎಳೆದ ಮೇಲೂ ಮೀಥೇನ್ ಕುಸಿಯದೆ ನಿಂತರೆ ಆ ಹರಿವೇ ನಿಜವಾದ ಅಂಕಿ. ಒಂದು ಮಳೆಗಾಲ ದಾಟಿಸಿ ನೋಡಿದರೆ ಇನ್ನೂ ಒಳ್ಳೆಯದು.

ಕೊರೆಯುವಾಗ ಮೇಲೆ ಬರುವ ಕಸವನ್ನು ಎಸೆಯಬೇಡಿ, ನೋಡಿ. ಕಾಗದದ ಅಕ್ಷರ ಓದಲು ಬಂದರೆ, ಎಲೆ ಇನ್ನೂ ಎಲೆಯ ಹಾಗೇ ಇದ್ದರೆ, ಒಳಗೆ ಒಣಗಿದೆ, ಕೊಳೆತಿಲ್ಲ ಅಂತ ಅರ್ಥ. ಕಪ್ಪು ಗೊಬ್ಬರದಂತಾಗಿದ್ದರೆ ಗ್ಯಾಸಿನ ಬಹುಪಾಲು ಆಗಲೇ ಹೋಗಿದೆ. ಈ ಪರೀಕ್ಷೆಗೆ ಬೇಕಿರುವುದು ಕಣ್ಣು, ಕೈಗವಸು ಅಷ್ಟೇ.

ಹೊದಿಕೆ, ಬಾವಿ, ಪೈಪು

ಟೆಸ್ಟ್ ಪಾಸಾದರೆ ಮೊದಲ ಖರ್ಚು ಹೊದಿಕೆಗೆ. ಹೊದಿಕೆ ಇಲ್ಲದ ಗುಡ್ಡದಿಂದ ಗ್ಯಾಸ್ ಮೇಲೆ ಹೋಗುತ್ತದೆ, ಎಳೆದರೆ ಮೇಲಿಂದ ಗಾಳಿ ಒಳಗೆ ಬರುತ್ತದೆ. ಎರಡೂ ನಷ್ಟ. ಒತ್ತಿದ ಜೇಡಿಮಣ್ಣು, ಅದರ ಮೇಲೆ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆ, ಮಳೆನೀರು ಹರಿದು ಹೋಗುವ ಪದರ, ಮೇಲೆ ಹುಲ್ಲು ಬೆಳೆಯುವ ಮಣ್ಣು. ಮಳೆನೀರು ಒಳಗೆ ಇಳಿಯದ್ದರಿಂದ ಲೀಚೇಟ್ ಕೂಡ ಕಡಿಮೆಯಾಗುತ್ತದೆ. ಮುಂಬೈನ ಗೋರಾಯಿ ಡಂಪನ್ನು 2007ರ ನಂತರ ಹೀಗೇ ಮುಚ್ಚಿ, ಬಾವಿ ಕೊರೆದು, ಗ್ಯಾಸನ್ನು ಫ್ಲೇರಿಗೆ ಎಳೆದರು. ಕಣ್ಣಾರೆ ನೋಡಬೇಕು ಅನ್ನುವವರು ಮೊದಲು ಅಲ್ಲಿಗೆ ಹೋಗಲಿ, ಅಮೆರಿಕಕ್ಕೆ ಆಮೇಲೆ ಹೋಗಬಹುದು.

ಬಾವಿ ಅಂದರೆ 60ರಿಂದ 90 ಸೆಂಟಿಮೀಟರ್ ಅಗಲದ ತೂತು. ಆಳ ಕಸದ ಆಳದ ಮುಕ್ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ. ಪೂರ್ತಿ ಕೆಳಗೆ ಹೋಗಬಾರದು, ತಳದ ಹಾಸು ಇದ್ದರೆ ಹರಿದುಹೋಗುತ್ತದೆ. ನಡುವೆ ತೂತಿನ ಪೈಪ್, ಸುತ್ತ ದಪ್ಪ ಜಲ್ಲಿ, ಮೇಲಿನ ಕೆಲವು ಮೀಟರ್ ತೂತಿಲ್ಲದ ಪೈಪ್, ಅದರ ಸುತ್ತ ಬೆಂಟೊನೈಟ್ ಜೇಡಿ ತುಂಬಿ ಗಟ್ಟಿ ಮುಚ್ಚಬೇಕು. ಜಲ್ಲಿ ಸುಣ್ಣದಕಲ್ಲಿನದ್ದಾಗಿರಬಾರದು, ಹುಳಿ ಲೀಚೇಟ್ ಅದನ್ನು ತಿನ್ನುತ್ತದೆ. ಎಷ್ಟು ಬಾವಿ? ಎಕರೆಗೊಂದು ಅನ್ನುವುದು ಹಳೆಯ ಅಂದಾಜು. ನಿಮ್ಮ ಟೆಸ್ಟ್ ಬಾವಿಯ ಸೆಳೆತ ಎಷ್ಟು ದೂರ ಮುಟ್ಟಿತೋ ಅದನ್ನೇ ನಂಬಿ.

ಪೈಪಿನಲ್ಲಿ ಎಲ್ಲರನ್ನೂ ಕಾಡುವುದು ನೀರು. ಗುಡ್ಡದೊಳಗಿನ ಗ್ಯಾಸ್ ಬಿಸಿಯಾಗಿ, ಆವಿ ತುಂಬಿಕೊಂಡು ಹೊರಡುತ್ತದೆ. ಹೊರಗಿನ ಪೈಪಿಗೆ ಬಂದು ತಣ್ಣಗಾದ ತಕ್ಷಣ ನೀರು ಬಿಡುತ್ತದೆ. ಪೈಪಿಗೆ ಒಳ್ಳೆ ಇಳಿಜಾರು ಕೊಟ್ಟು, ತಗ್ಗಿನಲ್ಲೆಲ್ಲ ನೀರು ಹಿಡಿಯುವ ಗುಂಡಿ ಇಡಬೇಕು. ಇಷ್ಟು ಮಾಡಿದರೂ ಮುಗಿಯುವುದಿಲ್ಲ, ಯಾಕೆಂದರೆ ಕಸ ಕೊಳೆತಂತೆ ಗುಡ್ಡ ಒಂದೊಂದು ಕಡೆ ಒಂದೊಂದು ರೀತಿ ಕುಗ್ಗುತ್ತದೆ, ನೀವು ನೇರ ಹಾಸಿದ ಪೈಪು ವರ್ಷದೊಳಗೆ ಹೊಟ್ಟೆ ಬಿಟ್ಟು ಅಲ್ಲಿ ನೀರು ನಿಂತು ಆಚೆಗಿನ ಹತ್ತು ಬಾವಿಗಳ ಸೆಳೆತವೇ ಸತ್ತು ಹೋಗುತ್ತದೆ. ಅದಕ್ಕೇ ಪೈಪುಗಳನ್ನು ಆದಷ್ಟು ಮೇಲೆಯೇ ಹಾಸಿ, ಎತ್ತಿ ಸರಿ ಮಾಡಲು ಬರುವ ಹಾಗೆ. ಬಾವಿಗೆ ಬೆಸೆಯುವ ಕಡೆ ಬಗ್ಗುವ ಪೈಪ್ ಹಾಕಿ. ಲೀಚೇಟ್ ತುಂಬುವ ಬಾವಿಗೆ ಗಾಳಿಯಿಂದ ಓಡುವ ಪಂಪ್ ಇಳಿಸಬೇಕು, ಒಳಗೆ ಕಿಡಿ ಹಾರುವ ಸಾಮಾನ್ಯ ಮೋಟರ್ ಅಲ್ಲ.

ವಾಲ್ವ್ ತಿರುಗಿಸುವವನೇ ರಾಜ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು, ಟೆಂಡರಿನಲ್ಲಿ ಅರ್ಧ ಸಾಲು ಕೂಡ ಸಿಗದಿರುವುದೂ ಇದೇ. ಪ್ರತಿ ಬಾವಿಯ ತಲೆಗೂ ಒಂದು ವಾಲ್ವ್ ಇರುತ್ತದೆ. ಎಷ್ಟು ತೆರೆಯಬೇಕು ಅನ್ನುವುದು ಬಾವಿಯಿಂದ ಬಾವಿಗೆ ಬೇರೆ, ವಾರದಿಂದ ವಾರಕ್ಕೂ ಬೇರೆ. ತಳ ಮುಟ್ಟಿದ ಎಳನೀರಿಗೆ ಸ್ಟ್ರಾ ಹಾಕಿ ಜೋರಾಗಿ ಎಳೆದರೆ ಗಾಳಿಯೇ ಬರುತ್ತದಲ್ಲ, ಇಲ್ಲೂ ಹಾಗೆ. ಕಸ ಗ್ಯಾಸ್ ಮಾಡುವುದಕ್ಕಿಂತ ವೇಗವಾಗಿ ಎಳೆದರೆ ಹೊದಿಕೆಯ ಸಂದಿನಿಂದ ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೋದರೆ ಮೀಥೇನ್ ಮಾಡುವ ಜೀವಿಗಳು ಸಾಯುತ್ತವೆ, ಕಸ ಬಿಸಿಯಾಗುತ್ತದೆ, ಕೊನೆಗೆ ಒಳಗೇ ಬೆಂಕಿ.

ಕೈಯಲ್ಲಿ ಹಿಡಿಯುವ ಗ್ಯಾಸ್ ಮೀಟರ್ ತಗೊಂಡು ಪ್ರತಿ ಬಾವಿಯಲ್ಲೂ ಮೀಥೇನ್, ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ, ಉಷ್ಣತೆ, ಸೆಳೆತ ಬರೆದುಕೊಳ್ಳಿ. ಮೂರೂ ಗ್ಯಾಸಿನ ಶೇಕಡಾ ಪಾಲು ಕೂಡಿಸಿ ನೂರಕ್ಕೆ ಎಷ್ಟು ಕಡಿಮೆ ಬಂತೋ ಅದು ಹೆಚ್ಚುಕಡಿಮೆ ಸಾರಜನಕ. ಮೀಥೇನ್ 50ರ ಸುತ್ತ, ಆಮ್ಲಜನಕ 1ಕ್ಕಿಂತ ಕೆಳಗೆ ಇದ್ದರೆ ಬಾವಿ ಆರಾಮಾಗಿದೆ. ಮೀಥೇನ್ 58, 60 ಅಂತ ಏರುತ್ತಾ ಹೋದರೆ ನೀವು ಕಡಿಮೆ ಎಳೆಯುತ್ತಿದ್ದೀರಿ, ಸ್ವಲ್ಪ ತೆರೆಯಿರಿ. ಮೀಥೇನ್ 40ಕ್ಕಿಳಿದು ಸಾರಜನಕ ಏರಿದರೆ ಜಾಸ್ತಿ ಎಳೆಯುತ್ತಿದ್ದೀರಿ, ಮುಚ್ಚಿ. ಆಮ್ಲಜನಕ ಏರಿ ಸಾರಜನಕವೂ ಗಾಳಿಯ ಅನುಪಾತದಲ್ಲೇ ಏರಿದ್ದರೆ ಗುಡ್ಡದ ಮೇಲೆ ಗುಮಾನಿ ಬೇಡ, ಎಲ್ಲೋ ಪೈಪೇ ಸೋರುತ್ತಿದೆ. ಸಾರಜನಕ ಮಾತ್ರ ಏರಿ ಆಮ್ಲಜನಕ ಕಾಣದಿದ್ದರೆ ಗಾಳಿ ಕಸದೊಳಗಿಂದಲೇ ಬಂದಿದೆ, ಅಲ್ಲಿನ ಜೀವಿಗಳು ಆಮ್ಲಜನಕ ತಿಂದು ಮುಗಿಸಿವೆ. ಒಂದೇ ಸಲ ಅರ್ಧ ತಿರುವು ತಿರುಗಿಸಬೇಡಿ. ಸ್ವಲ್ಪ ತಿರುಗಿಸಿ, ಗುಡ್ಡಕ್ಕೆ ಹೊಂದಿಕೊಳ್ಳಲು ಕೆಲವು ದಿನ ಕೊಡಿ.

ಉಷ್ಣತೆ 60 ಡಿಗ್ರಿ ದಾಟುತ್ತಿದ್ದರೆ ಆ ಬಾವಿಯ ಗ್ಯಾಸನ್ನು ಲ್ಯಾಬಿಗೆ ಕಳಿಸಿ ಕಾರ್ಬನ್ ಮೊನಾಕ್ಸೈಡ್ ನೋಡಿಸಿ. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ) ದಾಟಿದ್ದರೆ ಒಳಗೆ ಬೆಂಕಿ ಇದೆ ಅಂತಲೇ ಹಿಡಿದು ವಾಲ್ವ್ ಮುಚ್ಚಿ, ಬಿರುಕುಗಳಿಗೆ ಮಣ್ಣು ಹಾಕಿ. ನೆಲದೊಳಗಿನ ಬೆಂಕಿ ಆರಿಸುವುದು ಎಷ್ಟು ಕಷ್ಟ ಅಂತ ಅಮೆರಿಕದ ಮಿಸ್ಸೌರಿಯ ಬ್ರಿಜ್ಟನ್ ಲ್ಯಾಂಡ್‌ಫಿಲ್ಲಿನವರನ್ನು ಕೇಳಬೇಕು. 2010ರಲ್ಲಿ ಒಳಗೆ ಶುರುವಾದ ಬೇಗೆ ವರ್ಷಗಟ್ಟಲೆ ಬಿಡಲಿಲ್ಲ.

ಈ ಕೆಲಸಕ್ಕೆ ಕಾಯಂ ಜನ ಬೇಕು. ಬಾವಿಗಳ ಸ್ವಭಾವ ಬಲ್ಲ ಇಬ್ಬರು ಟೆಕ್ನಿಶಿಯನ್ನರು ದೊಡ್ಡ ಎಂಜಿನ್ನಿಗಿಂತ ಜಾಸ್ತಿ ಕರೆಂಟ್ ತಂದುಕೊಡುತ್ತಾರೆ.

ಫ್ಲೇರ್ ಮೊದಲು

ಬ್ಲೋವರ್ ಜೊತೆ ಮುಚ್ಚಿದ ಮಾದರಿಯ ಫ್ಲೇರ್ ಒಂದನ್ನು ಮೊದಲೇ ಹಾಕಿ ಓಡಿಸಿ. ಎಂಜಿನ್ ಬಂದ ಮೇಲೂ ಅದು ಇರಲೇಬೇಕು. ಎಂಜಿನ್ ಸರ್ವಿಸಿಗೆ ನಿಂತಾಗ, ಗ್ರಿಡ್ ಹೋದಾಗ ಗುಡ್ಡ ಗ್ಯಾಸ್ ಮಾಡುವುದು ನಿಲ್ಲಿಸುವುದಿಲ್ಲವಲ್ಲ. ಒಂದು ವರ್ಷ ಫ್ಲೇರ್ ಓಡಿಸಿದರೆ ಗಂಟೆ ಗಂಟೆಯ ಹರಿವು, ಮೀಥೇನ್ ಅಂಕಿ ಕೈಗೆ ಬರುತ್ತದೆ. ಬ್ಯಾಂಕಿನವರ ಮುಂದೆ ಇಡಬೇಕಾದ್ದು ಈ ದಾಖಲೆಯನ್ನು, ಎಂಜಿನ್ ಕಂಪನಿಯ ಬಣ್ಣದ ಬ್ರೋಷರನ್ನಲ್ಲ.

ತೊಳೆದು ಕೊಡಿ

ಎಂಜಿನ್ನಿಗೆ ಮೂರು ಶತ್ರುಗಳು. ನೀರು ಸುಲಭ: ಚಿಲ್ಲರಿನಲ್ಲಿ ಗ್ಯಾಸನ್ನು ತಣ್ಣಗೆ ಮಾಡಿದರೆ ನೀರು ಬೇರೆಯಾಗುತ್ತದೆ, ಆಮೇಲೆ ಸ್ವಲ್ಪ ಬಿಸಿ ಮಾಡಿ ಕಳಿಸಬೇಕು. ಹೈಡ್ರೋಜನ್ ಸಲ್ಫೈಡ್ ಲೋಹ ತಿನ್ನುತ್ತದೆ, ಎಂಜಿನ್ ಆಯಿಲನ್ನು ಹುಳಿ ಮಾಡುತ್ತದೆ. ಜಿಪ್ಸಮ್ ಬೋರ್ಡ್ ಜಾಸ್ತಿ ಸುರಿದ ಗುಡ್ಡದಲ್ಲಿ ಇದು ವಿಪರೀತ. ಕಬ್ಬಿಣದ ಆಕ್ಸೈಡ್ ಅಥವಾ ಆಕ್ಟಿವೇಟೆಡ್ ಕಾರ್ಬನ್ ಮೂಲಕ ಹಾಯಿಸಿ ತೆಗೆಯುತ್ತಾರೆ.

ಮೂರನೆಯದು ಸಿಲಾಕ್ಸೇನ್. ಶಾಂಪೂ, ಡಿಯೋಡರೆಂಟ್, ಕ್ರೀಮುಗಳಿಂದ ಬರುವ ಸಿಲಿಕಾನ್ ಸಂಯುಕ್ತ ಇದು. ಸಿಲಿಂಡರಿನಲ್ಲಿ ಉರಿದಾಗ ಬಿಳಿ ಪುಡಿಯಾಗಿ, ಅಂದರೆ ಮರಳಾಗಿ, ವಾಲ್ವ್ ಮೇಲೆ, ಸ್ಪಾರ್ಕ್ ಪ್ಲಗ್ ಮೇಲೆ ಕೂರುತ್ತದೆ. ಆಕ್ಟಿವೇಟೆಡ್ ಕಾರ್ಬನ್ ಇದನ್ನೂ ಹಿಡಿಯುತ್ತದೆ, ಆದರೆ ಬೇಗ ತುಂಬಿಹೋಗುತ್ತದೆ, ಬದಲಿಸುವ ಖರ್ಚು ಚಿಕ್ಕದಲ್ಲ. ಆಗಾಗ ಎಂಜಿನ್ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಸಿಲಿಕಾನ್ ಎಷ್ಟಿದೆ ಅಂತ ನೋಡುತ್ತಿದ್ದರೆ ಕಾರ್ಬನ್ ಯಾವಾಗ ಸೋತಿತು ಅಂತ ತಿಳಿಯುತ್ತದೆ.

ಈಗ ಎಂಜಿನ್

ಒಂದು ದೊಡ್ಡದರ ಬದಲು ಸಣ್ಣ ಎರಡು ಮೂರು ತನ್ನಿ. ಮೇಲಿನ ನಮ್ಮ ಉದಾಹರಣೆಯ ಗುಡ್ಡಕ್ಕೆ 250 ಕಿಲೋವ್ಯಾಟಿನ ಎರಡು ಸಾಕು. ಗ್ಯಾಸ್ ಇಳಿದಾಗ ಒಂದನ್ನು ಬೇರೆ ಗುಡ್ಡಕ್ಕೆ ಒಯ್ಯಬಹುದು, ಕಂಟೇನರಿನಲ್ಲೇ ಕೂತಿರುತ್ತದೆ. ಜೆನ್‌ಬಾಕರ್, ಕ್ಯಾಟರ್‌ಪಿಲ್ಲರ್ ಥರದ ಕಂಪನಿಗಳು ಈ ಗ್ಯಾಸಿಗೆಂದೇ ಎಂಜಿನ್ ಮಾಡುತ್ತವೆ. ಡೀಸೆಲ್ ಜನರೇಟರನ್ನು ಬದಲಾಯಿಸಿ ಓಡಿಸುತ್ತೇನೆ ಅನ್ನುವವರಿಗೆ ಕೈಮುಗಿದು ಕಳಿಸಿ. ಮೀಥೇನ್ 45ಕ್ಕಿಂತ ಮೇಲಿದ್ದರೆ ಎಂಜಿನ್ ನೆಮ್ಮದಿಯಾಗಿ ಓಡುತ್ತದೆ, 40ರ ಕೆಳಗೆ ತಕರಾರು ಶುರು. ತುಂಬಾ ಸಣ್ಣ ಗುಡ್ಡಕ್ಕೆ 30, 65 ಕಿಲೋವ್ಯಾಟಿನ ಮೈಕ್ರೋಟರ್ಬೈನ್ ಸಿಗುತ್ತದೆ, ಆದರೆ ಅದಕ್ಕೆ ಗ್ಯಾಸನ್ನು ಒತ್ತಡಕ್ಕೇರಿಸಿ ಇನ್ನೂ ಚೆನ್ನಾಗಿ ತೊಳೆದು ಕೊಡಬೇಕು. ಪಕ್ಕದಲ್ಲಿ ಬಾಯ್ಲರ್ ಇರುವ ಕಾರ್ಖಾನೆಯಿದ್ದರೆ ಕರೆಂಟಿನ ಗೊಡವೆಯೇ ಬೇಡ, ಗ್ಯಾಸನ್ನೇ ಅಲ್ಲಿಗೆ ಮಾರಿ. ಎಂಜಿನ್ ಶಾಖದ ಅರ್ಧಕ್ಕಿಂತ ಜಾಸ್ತಿಯನ್ನು ರೇಡಿಯೇಟರಿಗೂ ಸೈಲೆನ್ಸರಿಗೂ ಕೊಡುತ್ತದೆ, ಬಾಯ್ಲರ್ ಹಾಗಲ್ಲ.

ಗ್ರಿಡ್ಡಿಗೆ ಕೊಡುವುದಾದರೆ ಹತ್ತಿರದ 11 ಕೆವಿ ಲೈನ್ ಎಲ್ಲಿದೆ, ಅದು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಮೊದಲು ನೋಡಿ. ಲೈನ್ ಹೋದರೆ ನಿಮ್ಮ ಎಂಜಿನ್ ತಾನಾಗಿ ಬೇರ್ಪಡಬೇಕು, ಇಲ್ಲದಿದ್ದರೆ ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೆ ಅಪಾಯ. ದರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ನಿಗದಿ ಮಾಡಿದಂತೆ, ಖರೀದಿ ಒಪ್ಪಂದ ಕರೆಂಟ್ ಹಂಚುವ ಕಂಪನಿ ಎಸ್ಕಾಂ ಜೊತೆ. ಸಹಿ ಬೀಳುವ ಮೊದಲು ಎಂಜಿನ್ನಿಗೆ ಅಡ್ವಾನ್ಸ್ ಕೊಡಬೇಡಿ. ನಗರಸಭೆಯದೇ ಪಂಪ್‌ಹೌಸ್ ಪಕ್ಕದಲ್ಲಿದ್ದರೆ ಅಲ್ಲೇ ಬಳಸುವುದು ಬಹಳ ಸಲ ಲಾಭ.

ಜೀವದ ಮಾತು

ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗ ಇದ್ದರೆ ಕಿಡಿ ತಾಗಿದರೆ ಸಿಡಿಯುತ್ತದೆ. ಗುಡ್ಡದ ಗ್ಯಾಸ್ ಮೇಲೆ ಮಾತ್ರ ಹೋಗುವುದಿಲ್ಲ, ಪಕ್ಕಕ್ಕೂ ನೆಲದೊಳಗೆ ಹರಿಯುತ್ತದೆ. 1986ರ ಮಾರ್ಚ್ 24ರಂದು ಇಂಗ್ಲೆಂಡಿನ ಡರ್ಬಿಶೈರ್‌ನ ಲಾಸ್ಕೋದಲ್ಲಿ ಪಕ್ಕದ ಲ್ಯಾಂಡ್‌ಫಿಲ್ಲಿನ ಗ್ಯಾಸ್ ನೆಲದಡಿ ಬಂದು ಒಂದು ಮನೆಯೇ ಸ್ಫೋಟಿಸಿ ಬಿತ್ತು, ಮೂವರಿಗೆ ಗಾಯ. ಆ ರಾತ್ರಿ ಕೆಲವೇ ಗಂಟೆಗಳಲ್ಲಿ ವಾಯುಭಾರ ಥಟ್ಟನೆ ಕುಸಿದಿತ್ತು. ಹೊರಗಿನ ಒತ್ತಡ ಇಳಿದಾಗ ಒಳಗಿನ ಗ್ಯಾಸ್ ಹೊರಗೆ ನುಗ್ಗುತ್ತದೆ. ಹಾಗಾಗಿ ಗುಡ್ಡದ ಸುತ್ತ, ಮನೆಗಳಿರುವ ಕಡೆಗಂತೂ ಖಂಡಿತ, ಅಳತೆಯ ಕೊಳವೆಗಳನ್ನು ಇಳಿಸಿ. ಮಳೆ ಮೋಡ ಕವಿದು ಭಾರ ಇಳಿಯುವ ದಿನವೇ ಹೋಗಿ ಅಳೆಯಿರಿ. ಬಿಸಿಲಿನ ದಿನ ಸೊನ್ನೆ ತೋರಿಸಿದರೆ ನೆಮ್ಮದಿ ಪಡಬೇಡಿ.

ಲೀಚೇಟ್ ಗುಂಡಿ, ವಾಲ್ವ್ ಚೇಂಬರುಗಳಿಗೆ ಗ್ಯಾಸ್ ಅಳೆಯದೆ, ಮೇಲೊಬ್ಬ ಹಗ್ಗ ಹಿಡಿದು ನಿಲ್ಲದೆ, ಯಾರೂ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಜಾಸ್ತಿಯಾದಾಗ ಮೂಗೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು ಅಂತ ಇಳಿದವರು ಹಿಂದೆ ಬಂದಿಲ್ಲ. ಗುಡ್ಡದ ಮೇಲೆ ಬೀಡಿ ಸಿಗರೇಟು ಇಲ್ಲ, ಯಾರಿಗೂ ಇಲ್ಲ, ನೋಡಲು ಬಂದ ದೊಡ್ಡವರಿಗೂ ಇಲ್ಲ.

ಹೊಸ ಕಸಕ್ಕೆ ಈ ದಾರಿ ಬೇಡ

ಇಷ್ಟೆಲ್ಲ ಹೇಳಿದ್ದು ಈಗಾಗಲೇ ಎದ್ದು ನಿಂತಿರುವ ಗುಡ್ಡಗಳಿಗೆ. ಗ್ಯಾಸ್ ಸಿಗುತ್ತದಲ್ಲ ಅಂತ ಹೊಸದಾಗಿ ಹಸಿ ಕಸ ಸುರಿಯಲು ಹೋಗಬೇಡಿ. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಕೊಳೆಯುವ ಕಸ ಲ್ಯಾಂಡ್‌ಫಿಲ್ಲಿಗೆ ಹೋಗಲೇಬಾರದಿತ್ತು. ಅದೇ ಹಸಿ ಕಸವನ್ನು ಬೇರ್ಪಡಿಸಿ ಮುಚ್ಚಿದ ಬಯೋಗ್ಯಾಸ್ ಟ್ಯಾಂಕಿಗೆ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿಲ್ಲ, ವಾರಗಳಲ್ಲೇ ಗ್ಯಾಸ್ ಬರುತ್ತದೆ, ಅರ್ಧಕ್ಕರ್ಧ ಆಕಾಶಕ್ಕೆ ಸೋರುವುದೂ ಇಲ್ಲ, ಕೊನೆಗೆ ಗೊಬ್ಬರವೂ ಸಿಗುತ್ತದೆ. ಬ್ರಿಟನ್ನಿನಲ್ಲಿ 1996ರಲ್ಲಿ ಲ್ಯಾಂಡ್‌ಫಿಲ್ ತೆರಿಗೆ ಬಂದ ಮೇಲೆ ಹೂಳುವ ಕಸ ಕಡಿಮೆಯಾಗುತ್ತಾ ಹೋಯಿತು, ಅದರ ಹಿಂದೆಯೇ ಲ್ಯಾಂಡ್‌ಫಿಲ್ ಗ್ಯಾಸಿನ ಕರೆಂಟೂ ಇಳಿಯಿತು. ಅಲ್ಲಿ ಅದಕ್ಕೆ ಯಾರೂ ಅಳುತ್ತಿಲ್ಲ.

ಕೊನೆಯದಾಗಿ ಬಜೆಟ್ಟಿನ ಒಂದು ಸಾಲು. ಕರೆಂಟ್ ನಿಂತ ಮೇಲೂ ಗುಡ್ಡ ತೆಳುವಾಗಿ ಗ್ಯಾಸ್ ಬಿಡುತ್ತಲೇ ಇರುತ್ತದೆ, ಲೀಚೇಟ್ ಜಿನುಗುತ್ತಲೇ ಇರುತ್ತದೆ. ಪ್ವೆಂಟೆ ಹಿಲ್ಸ್ 2013ರಲ್ಲಿ ಕಸ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಗ್ಯಾಸ್ ಎಳೆಯುವ ಕೆಲಸ ಆಮೇಲೂ ನಡೆದೇ ಇತ್ತು. ಎಂಜಿನ್ ಓಡುವ ವರ್ಷಗಳ ಆದಾಯದಲ್ಲೇ ಆಮೇಲಿನ ಹೊದಿಕೆ ರಿಪೇರಿ, ಫ್ಲೇರ್, ಅಳತೆ ಮಾಡುವವರ ಸಂಬಳಕ್ಕೆ ದುಡ್ಡು ಎತ್ತಿಡುವ ಷರತ್ತನ್ನು ಮೊದಲ ಒಪ್ಪಂದದಲ್ಲೇ ಬರೆಸಿ. ಗುತ್ತಿಗೆದಾರ ಎಂಜಿನ್ ಹೇರಿಕೊಂಡು ಹೋದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.